ಬಾವಿಯ ಹಿಂದಿನ ಕತ್ತಲೆ

"ಇದು ಅದಲ್ಲ ಅಕ್ಕ," ಎಂದೆ.

ಸ್ಟೂಲಿನ ಮೇಲೆ ನಿಂತು ಗೋಡೆಯ ಚಿತ್ರಫಲಕದ ಮೇಲೆ ಎಡ ಅಂಗೈ ಇಟ್ಟಿದ್ದೆ. ನನ್ನ ಹಿಂದೆ ಕುರ್ಚಿಯಲ್ಲಿ ಸೇನ್ ಅಕ್ಕ, ಕಣ್ಣಿಗೆ ಕಪ್ಪು ಕನ್ನಡಕ. ಪೊರೆ ತೆಗೆಸಿಕೊಂಡು ಬಂದು ಹತ್ತು ದಿನವಾಗಿತ್ತು. ಬಾಗಿಲಿಗೆ ಒರಗಿ ಅವಳ ಭಾವನ ಮಗ ತೊವಾನ್, ಕೈಯಲ್ಲಿ ಫೋನು.

"ಹನೋಯ್‌ನಿಂದ ಬಂದಿದ್ದ ತಜ್ಞರು ಅದನ್ನೇ ಹೇಳಿದ್ರಲ್ಲ ಅತ್ತೆ," ಎಂದ ಅವನು. "ಮೂರು ದಿನ ಆದ್ಮೇಲೆ ನೀವು ಕೈ ಇಟ್ಟು ಹೇಳ್ತಿದೀರ."

"ಅವರು ನಕಲಿ ಅಂದ್ರು. ಎಷ್ಟು ಹಳೇ ನಕಲಿ ಅಂತ ಹೇಳಿದ್ರಾ?"

ಅವನು ಫೋನಿಗೆ ತಲೆ ತಗ್ಗಿಸಿದ. ಬಾಯಿ ಮುಚ್ಚಿಕೊಂಡರೆ ಚೆನ್ನಾಗಿಯೇ ಕಾಣುತ್ತಾನೆ ಹುಡುಗ.

ಊರೆಲ್ಲ ಆಡಿಕೊಳ್ಳುತ್ತಿರುವ ಸಂಗತಿ ಇಷ್ಟೇ: ತೀರಿಹೋದ ಲಾಮ್ ಮೇಷ್ಟ್ರು ತಮ್ಮ ಹೆಂಡತಿ ಸೇನಳನ್ನು ಬಾವಿಕಟ್ಟೆಯ ಹತ್ತಿರ ಕೂರಿಸಿ ಬರೆದ ಚಿತ್ರ ಮಾಯವಾಗಿದೆ, ಅದರಂಥದೇ ಇನ್ನೊಂದು ಅದರ ಮೊಳೆಗೆ ತೂಗುತ್ತಿದೆ, ನನ್ನ ಶಿಷ್ಯೆ ಲುವಾ ಕಳ್ಳಿ ಅನ್ನಿಸಿಕೊಂಡಿದ್ದಾಳೆ. ನಾಳೆ ಬೆಳಿಗ್ಗೆ ಎಂಟಕ್ಕೆ ಠಾಣೆಯವರು ಅವಳನ್ನು ಕರೆದೊಯ್ಯುತ್ತಾರೆ. ಒಮ್ಮೆ ಠಾಣೆ ಮೆಟ್ಟಿಲು ಹತ್ತಿದವಳ ಕೈಗೆ ನಮ್ಮ ಕಡೆ ಯಾರೂ ತೀರಿಹೋದ ಹಿರಿಯರ ಪೂಜಾಪೀಠವನ್ನು ಮೆರುಗು ಬಳಿಯಲು ಕೊಡುವುದಿಲ್ಲ. ಆ ಕೆಲಸ ಬಿಟ್ಟರೆ ಅವಳಿಗೆ ಇನ್ನೇನೂ ಬರದು. ಹನ್ನೊಂದು ವರ್ಷದವಳಿದ್ದಾಗ ಅಪ್ಪ ಅಮ್ಮ ಇಲ್ಲದೆ ನನ್ನ ಅಂಗಳಕ್ಕೆ ಬಂದವಳು. ಉಜ್ಜುವುದು ಹೇಳಿಕೊಟ್ಟೆ, ಉಣ್ಣಲು ಹಾಕಿದೆ, ಮಗಳೇ ಆಗಿಹೋದಳು.

"ಬಣ್ಣ ನೋಡು ತೊವಾನ್," ಎಂದೆ. "ಬಾವಿ ಹಿಂದೆ ಬಾಳೆಗಿಡ ಇರೋ ಜಾಗ. ಹೆಂಗಿದೆ?"

"ಕಪ್ಪಗಿದೆ. ಕಾಫಿ ಡಿಕಾಕ್ಷನ್ ಥರ."

"ಅದೇ. ನಾವು ಇದನ್ನ ಜಿರಳೆ ರೆಕ್ಕೆ ಬಣ್ಣ ಅಂತೀವಿ. ಹೊಸದ್ರಲ್ಲಿ ಹಿಂಗೇ ಕಪ್ಪು. ವರ್ಷ ಹೋದಂಗೆ ತಿಳಿ ಆಗ್ತಾ ಹೋಗತ್ತೆ. ಮೂವತ್ಮೂರು ವರ್ಷದ್ದು ಜೇನುತುಪ್ಪದ ಥರ ಇರ್ಬೇಕಿತ್ತು. ಇದಕ್ಕೆ ಮೂರು ತಿಂಗಳೂ ಆಗಿಲ್ಲ."

ಇದನ್ನು ಪುಸ್ತಕ ಓದಿ ಕಲಿತದ್ದಲ್ಲ. ಮೂವತ್ತೈದು ವರ್ಷ ಮೆರುಗು ಉಜ್ಜಿದ್ದೇನೆ. ಮೆರುಗಿನ ಮರ ಗೀರಿದಾಗ ಒಸರುವ ಹಾಲನ್ನು ಹಲಗೆಗೆ ಹತ್ತು ಹನ್ನೆರಡು ಸಲ ಬಳಿದು, ಒಣಗಿಸಿ, ನೀರಿನಲ್ಲಿ ತೇಯ್ದು, ಕೊನೆಗೆ ಯಾವ ಬಟ್ಟೆಯೂ ಸಾಲದೆ ಬರಿ ಅಂಗೈಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಬೇಕು. ನನ್ನ ಬೆರಳುಗಳಲ್ಲಿ ಗೆರೆಗಳೇ ಉಳಿದಿಲ್ಲ. ಗುರುತಿನ ಚೀಟಿ ಮಾಡಿಸಲು ಹೋದಾಗ ಯಂತ್ರ ನನ್ನನ್ನು ಮನುಷ್ಯಳೆಂದೇ ಒಪ್ಪಲಿಲ್ಲ. ಅಲ್ಲಿದ್ದ ಹುಡುಗಿ ಆರು ಸಲ ಒರೆಸಿ ಆರು ಸಲವೂ ನನ್ನನ್ನೇ ಬೈದಳು.

ಲುವಾಳ ಕುತ್ತಿಗೆಗೆ ಬಿದ್ದಿರುವುದೂ ಇದೇ. ಠಾಣೆಯವರು ಈ ಫಲಕದ ಮೇಲೆ ಪುಡಿ ಚೆಲ್ಲಿ ನೋಡಿದರು. ಬೆರಳಚ್ಚು ಒಂದೂ ಸಿಗಲಿಲ್ಲ, ಗೆರೆಯಿಲ್ಲದ ನುಣ್ಣನೆ ಕಲೆಗಳಷ್ಟೇ ಸಿಕ್ಕವು. ಉಜ್ಜುವವಳ ಕೈ ಎಂದು ಬರೆದುಕೊಂಡು ಹೋದರು. ಈ ಮನೆಗೆ ಬಂದುಹೋದ ಉಜ್ಜುವವಳು ಒಬ್ಬಳೇ.

ನಾಲ್ಕು ತಿಂಗಳು ಬಂದಿದ್ದಳು. ಕಣ್ಣಿಗೆ ಪೊರೆ ಬಂದು ಐದು ವರ್ಷ ಮಬ್ಬಿನಲ್ಲೇ ಕಳೆದ ಸೇನ್ ಅಕ್ಕ, ಕಣ್ಣು ಬರುವ ಹೊತ್ತಿಗೆ ಮನೆ ಹೊಳೆಯುತ್ತಿರಬೇಕೆಂದು ಹಟ ಹಿಡಿದಿದ್ದಳು. ತೊವಾನ್ ತನ್ನ ಫ್ಲ್ಯಾಟಿಗೆ ಹೊಡೆಸಿದಂಥ, ಒಂದೇ ದಿನಕ್ಕೆ ಒಣಗುವ ಪಿಚಕಾರಿ ಬಣ್ಣ ಸಾಕೆಂದ. ಅಕ್ಕ ಕೇಳಲಿಲ್ಲ. ಈಗ ನೋಡಿ, ಬಾಗಿಲುಗಳು ಕುಂಕುಮ ಕೆಂಪು, ಕಂಬಗಳು ಕಪ್ಪು, ಪೂಜಾಪೀಠದ ಅಂಚಿಗೆ ಚಿನ್ನದ ರೇಕು. ಗೋಡೆಯ ಹಲಗೆಯ ಮುಂದೆ ಚಹಾ ಬಟ್ಟಲು ಹಿಡಿದರೆ ಒಳಗೂ ಒಂದು ಬಟ್ಟಲು ಕಾಣುತ್ತದೆ. ನನ್ನ ಹುಡುಗಿಯ ಕೆಲಸ ನೋಡಿ, ಈ ರಗಳೆಯ ನಡುವೆಯೂ, ನನಗೆ ಹೆಮ್ಮೆಯಾಯಿತು. ಇಷ್ಟು ಚೆಂದದ ಮನೆಯಲ್ಲಿ ಕಳ್ಳಿ ಅನ್ನಿಸಿಕೊಳ್ಳುವುದೆಂದರೆ ಎಂಥ ಹಣೆಬರಹ!

ಗೋಡೆಗೆ ಹಲಗೆ ಕೂರಿಸಲು ಚಿತ್ರ ಇಳಿಸಬೇಕಾಗಿ ಬಂದಿತ್ತು. ನಾಲ್ಕು ತಿಂಗಳೂ ಅದು ಲುವಾಳ ಕೆಲಸದ ಮನೆಯಲ್ಲೇ ಇತ್ತು. ಅಕ್ಕ ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಗೋಡೆಗೆ ಮರಳಿತು. ಅಥವಾ ಮರಳಿತೆಂದು ಎಲ್ಲರೂ ತಿಳಿದರು.

"ಸ್ವಲ್ಪ ಹಿಡ್ಕೋ ಬಾ," ಎಂದು ತೊವಾನನನ್ನು ಕರೆದೆ. ಫಲಕ ಇಳಿಸಿ ತಿರುಗಿಸಿದೆವು. ಎರಡಡಿ ಅಗಲ, ಮೂರಡಿ ಎತ್ತರ, ಮಗುವನ್ನು ಎತ್ತಿಕೊಂಡಂತೆ ತೋಳಲ್ಲಿ ಅವಚಿಯೇ ಹಿಡಿಯಬೇಕು. ಫಲಕದ ಬೆನ್ನಿಗೆ ಮೂಗು ಹಚ್ಚಿದೆ. ಹುಳಿ ವಾಸನೆ ಇನ್ನೂ ಹೋಗಿರಲಿಲ್ಲ. ಹೆಬ್ಬೆರಳು ಒತ್ತಿದೆ, ಅಂಟಂಟು.

ಖುಷಿ ತಡೆಯದೆ ಅಕ್ಕನ ಕಡೆ ತಿರುಗಿದೆ.

"ಬೆನ್ನು ಇನ್ನೂ ಹಸಿ ಇದೆ ಅಕ್ಕ! ಲುವಾ ಬೆನ್ನಿಗೆ ಹಾಲು ಬಳಿದು ನಲವತ್ತು ದಿನ ಒದ್ದೆ ಕೋಣೇಲಿ ಇಡದೆ ಯಾವ ಹಲಗೇನೂ ಹೊರಗೆ ಬಿಡೋಳಲ್ಲ. ಅದಕ್ಕೇ ಗಿರಾಕಿಗಳ ಹತ್ರ ಬೈಸ್ಕೋತಾಳೆ. ಇದನ್ನ ಅವಳು ಕೊಟ್ಟಿದ್ದಲ್ಲ, ಯಾರೋ ಅವಸರ ಮಾಡಿ ಎತ್ಕೊಂಡು ಬಂದಿದ್ದು."

"ಯಾರು?" ಸೇನ್ ಅಕ್ಕ ಕುರ್ಚಿಯ ತುದಿಗೆ ಬಂದಳು.

"ಅದನ್ನ ಈ ಹಾಲೇ ಹೇಳತ್ತೆ. ಹಸಿ ಹಾಲು ಕಚ್ಚತ್ತೆ. ನನಗೆ, ಲುವಾಗೆ ಕಚ್ಚಲ್ಲ, ನಮ್ಮ ಮೈ ಒಗ್ಗಿಹೋಗಿದೆ. ಹೊಸಬರಿಗೆ ಎರಡು ದಿನಕ್ಕೆ ಗುಳ್ಳೆ ಏಳತ್ತೆ, ಮೂರು ವಾರ ಕೆರ್ಕೊಂಡು ಸಾಯ್ತಾರೆ. ಬೆರಳಚ್ಚಿಲ್ಲ ಅಂದ್ರೆ ಆ ಮನುಷ್ಯ ಕೈಗವಸು ಹಾಕ್ಕೊಂಡಿದ್ದ. ಆದ್ರೆ ಇದನ್ನ ಅವಚಿ ಹಿಡಿದೋನಿಗೆ ಕೈಗವಸು ಎಲ್ಲಿ ಮುಗಿಯತ್ತೋ ಅಲ್ಲಿಂದ ಮೇಲೆ ಕಚ್ಚಿರತ್ತೆ." ತೊವಾನನ ಕಡೆ ತಿರುಗಿದೆ. "ತೋಳು ಮಡಚು."

"ಏನಂದ್ರಿ?"

"ಅಂಗಿ ತೋಳು ಮೇಲೆ ಮಡಚು ಅಂದೆ."

"ನನ್ಮೇಲೇನಾ ಅನುಮಾನ?" ಅವನ ಮುಖ ಕೆಂಪಾಯಿತು. "ನಮ್ಮ ಚಿಕ್ಕಪ್ಪನ ಚಿತ್ರ ಅದು!"

"ಅದನ್ನ ಮಾರೋಣ ಮಾರೋಣ ಅಂತ ವರ್ಷದಿಂದ ಇವಳ ತಲೆ ತಿಂದೋನು ಯಾರು? ಕೇಳದೆ ತಜ್ಞರನ್ನ ಕರ್ಕೊಂಡು ಬಂದೋನು ಯಾರು?"

"ಹೌದು, ಮಾರೋಣ ಅಂದೆ. ಈ ಮನೇಲಿ ಒಬ್ರೇ ಇರೋದು ಬೇಡ, ನಮ್ಜೊತೆ ಬಂದಿರ್ಲಿ, ಕೈಯಲ್ಲಿ ಸ್ವಲ್ಪ ದುಡ್ಡಿರ್ಲಿ ಅಂತ ಅಂದೆ. ಕದಿಯೋಕೆ ಬಂದೋನು ತಜ್ಞರನ್ನ ಕರ್ಕೊಂಡ್ ಬರ್ತೀನಾ? ನಕಲಿ ಅಂತ ಗೊತ್ತಾಗೋಕೆ?"

ಮಾತು ಸರಿಯಾಗಿಯೇ ಇತ್ತು. ನನಗೆ ಒಪ್ಪಲು ಮನಸ್ಸಿರಲಿಲ್ಲ.

"ಬಾಯಿ ಸಾಕು. ತೋಳು."

ಅವನು ಗುಂಡಿ ಕಿತ್ತುಹೋಗುವಂತೆ ಎಳೆದು ಎರಡೂ ತೋಳು ಮೊಣಕೈವರೆಗೆ ಮಡಚಿ ನನ್ನ ಮೂಗಿನ ಕೆಳಗೆ ಹಿಡಿದ. ಬಿಳಿ, ಮೃದು, ಕಚೇರಿಯಲ್ಲಿ ಕೂರುವವನ ತೋಳು. ಒಂದು ಸೊಳ್ಳೆ ಕಡಿದ ಗುರುತೂ ಇಲ್ಲ.

"ಸಮಾಧಾನ ಆಯ್ತಾ? ಇನ್ನು ನಿಮ್ಮ ಶಿಷ್ಯೇನ ಕೇಳ್ಹೋಗಿ. ಅವಳು ಬಾಯಿ ಬಿಟ್ರೆ ನಾನೇ ಠಾಣೆಗೆ ಹೋಗಿ ದೂರು ವಾಪಸ್ ತಗೋತೀನಿ. ಚಿತ್ರ ಸಿಕ್ರೆ ಸಾಕು ಅತ್ತೆ, ನನಗ್ಯಾಕೆ ಯಾರ ಮೇಲೂ ಹಗೆ?"

ನಾಚಿಕೆಯಾಯಿತು. ಅವನ ತೋಳನ್ನು ನಾನೇ ಕೆಳಗಿಳಿಸಿ, ಗುಂಡಿ ಹಾಕಿದೆ. "ತಪ್ಪಾಯ್ತಪ್ಪ," ಎಂದೆ. ಅವನು ಫೋನು ನೋಡುತ್ತ ಹೊರಗೆ ಹೋದ, ಆದರೆ ಮುಖದಲ್ಲಿ ಸಿಟ್ಟು ಇಳಿದಿತ್ತು.

ಸೇನ್ ಅಕ್ಕ ನನ್ನ ಅಂಗಿಯ ಅಂಚು ಹಿಡಿದು ಹತ್ತಿರ ಎಳೆದುಕೊಂಡಳು.

"ಮಿಯೆನ್, ಸಿಕ್ರೆ ಮೊದ್ಲು ನನಗೇ ತೋರಿಸ್ತೀಯಾ? ಠಾಣೆಯವ್ರಿಗೂ ಮುಂಚೆ. ಬ್ಯಾಂಡೇಜು ಬಿಚ್ಚಿದ ತಕ್ಷಣ ಅದನ್ನೇ ನೋಡ್ಬೇಕು ಅಂತ ಐದು ವರ್ಷ ಕಾದಿದೀನಿ ಕಣೇ."

"ನಿನಗೇ ಮೊದ್ಲು ಅಕ್ಕ. ಆಣೆ," ಎಂದೆ. ಹಿಂದುಮುಂದು ನೋಡದೆ ಆಣೆ ಇಡುವುದು ನನ್ನ ಹಳೆಯ ಚಾಳಿ.

* * *

ಹೊರಗೆ ತುಂತುರು. ವಸಂತದ ಈ ಹವೆಯಲ್ಲಿ ನೆಲ ಬೆವರುತ್ತದೆ, ಗೋಡೆ ಬೆವರುತ್ತದೆ, ಹಾಕಿದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಊರೆಲ್ಲ ಗೊಣಗುವಾಗ ನಮ್ಮ ಓಣಿಯವರಿಗೆ ಮಾತ್ರ ಹಬ್ಬ. ಮೆರುಗು ಒಣಗಲು ಬಿಸಿಲು ಬೇಡ, ತೇವ ಬೇಕು. ನಮ್ಮದು ಎಲ್ಲವೂ ಉಲ್ಟಾ.

ಲುವಾ ತನ್ನ ಕೆಲಸದ ಮನೆಯ ಒದ್ದೆ ಕೋಣೆಯಲ್ಲಿ ಹಲಗೆಗಳಿಗೆ ಹಸಿ ಗೋಣಿ ಹೊದಿಸುತ್ತಿದ್ದಳು. ನಾಳೆ ಕರೆದೊಯ್ಯುತ್ತಾರೆಂದು ಗೊತ್ತಿದ್ದೂ ಇವತ್ತಿನ ಕೆಲಸ ಬಿಟ್ಟಿರಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು.

"ನಕಲು ಮಾಡಿದ್ದು ನೀನೇ," ಎಂದೆ. "ಬಿಳಿ ಉಡುಪಿನ ಜಾಗಕ್ಕೆ ಮೊಟ್ಟೆ ಚಿಪ್ಪು ಕೂರಿಸಿರೋದು ನೋಡಿದ್ರೆ ಗೊತ್ತಾಗಲ್ವಾ? ಬಾತುಕೋಳಿ ಚಿಪ್ಪನ್ನ ಹೆಬ್ಬೆರಳಿಂದ ಒಡೆಯೋದನ್ನ ನಿನಗೆ ಹೇಳಿಕೊಟ್ಟೋಳು ನಾನು."

"ಹೂಂ ಚಿಕ್ಕಮ್ಮ."

"ಯಾರು ಮಾಡಿಸಿದ್ದು?"

ಅವಳು ಗೋಣಿಯ ಸುಕ್ಕು ತೀಡುತ್ತ ನಿಂತಳು.

"ಬೆನ್ನು ಒಣಗೋಕೆ ಮುಂಚೆ ಯಾರು ಎತ್ಕೊಂಡು ಹೋದ್ರು? ನೀನು ತಡಿದಿರ್ತೀಯ. ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ?"

"ತಡ್ದೆ. ಅಕ್ಕ ನಾಳೇನೇ ಆಸ್ಪತ್ರೆಯಿಂದ ಬಂದ್ಬಿಡ್ತಾರೆ, ಟೈಮಿಲ್ಲ ಅಂದ್ರು." ಅಷ್ಟು ಹೇಳಿ ತುಟಿ ಕಚ್ಚಿಕೊಂಡಳು.

"ಯಾರು ಅಂದ್ರು ಲುವಾ?"

"ಚಿಕ್ಕಮ್ಮ, ನೀವು ನನ್ನ ಹೊಡೀರಿ, ಬೈರಿ. ಇದೊಂದು ಕೇಳ್ಬೇಡಿ. ನಾನು ಠಾಣೆಗೆ ಹೋಗ್ತೀನಿ. ಎರಡು ತಿಂಗಳೋ ಆರು ತಿಂಗಳೋ."

"ಹುಚ್ಚೀ! ಆಮೇಲೆ ನಿನ್ನ ಕೈಗೆ ಯಾರು ಪೂಜಾಪೀಠ ಕೊಡ್ತಾರೆ?"

"ಕೊಡದಿದ್ರೆ ಬೇಡ. ಬಟ್ಟಲು ಮಾಡ್ತೀನಿ, ಡಬ್ಬಿ ಮಾಡ್ತೀನಿ." ಅವಳು ನನ್ನ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವಳ ಕೈಯೂ ನನ್ನ ಕೈಯಂತೆಯೇ ನುಣ್ಣಗಾಗಿದೆ. "ನೀವು ನನ್ನ ಸಾಕಿದ್ರಿ. ನಾನು ನಿಮಗೆ ಏನೂ ಮಾಡಿಲ್ಲ."

ಹನ್ನೊಂದು ವರ್ಷದವಳಾಗಿದ್ದಾಗಲೂ ಹೀಗೇ ಇದ್ದಳು. ಬಟ್ಟಲು ಒಡೆದವನು ಪಕ್ಕದ ಮನೆಯವನು, ಏಟು ತಿಂದವಳು ಇವಳು. ಯಾರನ್ನೋ ಕಾಪಾಡುತ್ತಿದ್ದಾಳೆ, ಅಷ್ಟು ಗೊತ್ತಾಯಿತು. ಯಾರನ್ನೆಂದು ನನ್ನನ್ನೇ ಕೇಳಿಕೊಳ್ಳುತ್ತ ಮನೆಯ ದಾರಿ ಹಿಡಿದೆ.

ಇಂಥ ಹೊತ್ತಿನಲ್ಲಿ ನನ್ನ ಗಂಡ ಬಾಂಗ್ ಜೊತೆಗಿರಬೇಕಿತ್ತು. ಮೂವತ್ತು ವರ್ಷ ಠಾಣೆಯಲ್ಲಿ ದುಡಿದು ನಿವೃತ್ತಿಯಾದವರು. ಊರಲ್ಲಿ ಏನು ಕಳೆದರೂ ನಾವಿಬ್ಬರೂ ಒಟ್ಟಿಗೆ ಹೋಗುವುದು ರೂಢಿ. ಅವರು ಕೇಳುತ್ತಾರೆ, ನಾನು ಮುಟ್ಟಿ ನೋಡುತ್ತೇನೆ. ಈ ಸಲ ಮಾತ್ರ ನೆಗಡಿ ಎಂದು ಮನೆ ಬಿಟ್ಟು ಕದಲಲಿಲ್ಲ. "ಇದೊಂದು ಬಿಟ್ಬಿಡು ಮಿಯೆನ್," ಎಂದು ಬೇರೆ ಹೇಳಿದರು. ಬಿಡುವುದಂತೆ! ನನ್ನ ಹುಡುಗಿಯನ್ನು ಬಿಡುವುದಂತೆ!

ಅವರಿಗೂ ಮೆರುಗಿಗೂ ಮೊದಲಿನಿಂದ ಆಗದು. ನನ್ನನ್ನು ನೋಡಲು ಬಂದ ದಿನ ಕೆಲಸದ ಮನೆಗೆ ಕಾಲಿಟ್ಟಿದ್ದಕ್ಕೇ, ಮೂರನೇ ದಿನ ನಿಶ್ಚಿತಾರ್ಥಕ್ಕೆ ಬರುವಾಗ ಅವರ ಮುಖ ಹಬೆಯಲ್ಲಿ ಬೆಂದ ಬನ್ನಿನಂತೆ ಊದಿತ್ತು, ಕಣ್ಣೇ ಕಾಣುತ್ತಿರಲಿಲ್ಲ. ಅಡಿಕೆ ತಟ್ಟೆಯನ್ನು ನನ್ನ ತಾಯಿಯ ಬದಲು ನನ್ನ ಸೋದರಮಾವನ ಕೈಗೆ ಕೊಟ್ಟುಬಿಟ್ಟರು. ನಕ್ಕು ನಕ್ಕು ನನಗೆ ಸಾಕಾಯಿತು, ಅವತ್ತೇ ಮನಸ್ಸೂ ಕೊಟ್ಟೆ. ಅಂದಿನಿಂದ ಕೆಲಸದ ಮನೆಯ ಹೊಸ್ತಿಲು ತುಳಿದವರಲ್ಲ. ನಾನೂ ಮೂರು ಸಲ ಕೈ ತೊಳೆಯದೆ ಅವರಿಗೆ ಅನ್ನ ಬಡಿಸಿದವಳಲ್ಲ.

ನಮ್ಮ ಗೇಟು ತೆಗೆದವಳು ಅಲ್ಲೇ ನಿಂತೆ.

ಅಂಗಳದ ದಾರೆಹುಳಿ ಮರದ ಕೆಳಗಿನ ಕೊಂಬೆಗಳು ಬೋಳಾಗಿದ್ದವು. ಹಣ್ಣು ಹಾಗೇ ಇತ್ತು. ಎಲೆ ಮಾತ್ರ ಯಾರೋ ತರಿದಿದ್ದರು, ಕೈಗೆ ಎಟುಕುವಷ್ಟು ಎತ್ತರದವರೆಗೆ.

ನಮ್ಮ ಓಣಿಯಲ್ಲಿ ದಾರೆಹುಳಿ ಎಲೆ ಕುದಿಸುವುದು ಒಂದೇ ಕಾರಣಕ್ಕೆ. ಹಾಲು ಕಚ್ಚಿದವರಿಗೆ ಅದರ ನೀರು ಬಿಟ್ಟರೆ ಬೇರೆ ಮದ್ದಿಲ್ಲ.

ಅಡುಗೆಮನೆಯಿಂದ ಹಬೆ ಬರುತ್ತಿತ್ತು. ಬಾಂಗ್ ಕುಳ್ಳು ಮಣೆಯ ಮೇಲೆ ಕುಳಿತು ಎರಡೂ ಕೈ ಬೋಗುಣಿಗೆ ಅದ್ದಿದ್ದರು. ನನ್ನನ್ನು ಕಂಡು ಗಡಿಬಿಡಿಯಿಂದ ಮೇಲೆತ್ತಿ, ಒದ್ದೆ ಕೈಯ ಮೇಲೇ ಅಂಗಿ ತೋಳು ಎಳೆದುಕೊಂಡರು.

"ಬೇಗ ಬಂದ್ಯಲ್ಲ. ಮೊನ್ನೆ ಏಡಿ ಸಾರು ತಿಂದಿದ್ದು ಯಾಕೋ..."

"ತೋಳು ಮಡಚ್ರಿ."

"ಮಿಯೆನ್..."

"ಮಡಚ್ರಿ ಅಂದೆ."

ನಿಧಾನಕ್ಕೆ ಮಡಚಿದರು. ಮಣಿಕಟ್ಟಿನವರೆಗೆ ಚರ್ಮ ಸರಿಯಾಗಿತ್ತು. ಅಲ್ಲಿ ಹಗ್ಗ ಹಿಡಿದು ಎಳೆದಂತೆ ಒಂದು ನೇರ ಗೆರೆ. ಗೆರೆಯಿಂದ ಮೇಲೆ ಮೊಣಕೈವರೆಗೆ ಕೆಂಪು ಗುಳ್ಳೆ, ಒಡೆದ ಗುಳ್ಳೆ, ಕೆರೆದ ಗಾಯ.

ಅವರೆದುರಿಗೇ ನೆಲಕ್ಕೆ ಕುಳಿತೆ. ಸಿಟ್ಟು ಬರಬೇಕಿತ್ತು. ಅದಕ್ಕೂ ಮುಂಚೆ ಕೈ ತಾನಾಗಿ ಹೋಗಿ ಬೋಗುಣಿಯ ನೀರು ಬೊಗಸೆಯಲ್ಲಿ ಎತ್ತಿ ಅವರ ತೋಳಿನ ಮೇಲೆ ಹನಿಸತೊಡಗಿತು.

"ಹತ್ತು ದಿನದಿಂದ ಒಬ್ರೇ ಹಿಂಗೆ ನರಳ್ತಿದ್ರಾ?"

"ನೀನು ನೋಡಿದ್ರೆ ಗೊತ್ತಾಗ್ಬಿಡತ್ತಲ್ಲ."

"ಲುವಾ ಜೈಲಿಗೆ ಹೋಗ್ತಿದಾಳೆ ಕಣ್ರೀ."

"ಹೋಗಲ್ಲ. ನಾಳೆ ಏಳೂವರೆಗೆ ನಾನೇ ಠಾಣೆಗೆ ಹೋಗಿ ಕೂತ್ಕೋತೀನಿ, ನಾನೇ ಕದ್ದೆ ಅಂತ ಬರೆದು ಕೊಡ್ತೀನಿ. ಚಿತ್ರ ಮಾತ್ರ ಎಲ್ಲೋ ಕಳೆದುಹೋಯ್ತು ಅಂತೀನಿ. ಆ ಮಗೂನ ಬಿಟ್ಬಿಡ್ತಾರೆ."

"ಯಾಕ್ರೀ? ನಿಮಗ್ಯಾಕೆ ಬೇಕಿತ್ತು ಅದು?"

ಅವರ ಕಣ್ಣು ಒಂದು ಕ್ಷಣ ನಮ್ಮ ಪೂಜಾಪೀಠದ ಕಡೆ ಹೋಗಿ ಬಂತು. ಮೂವತ್ತು ವರ್ಷ ಕಳ್ಳರ ಕಣ್ಣು ನೋಡಿ ಗುಟ್ಟು ಹಿಡಿದ ಮನುಷ್ಯನಿಗೆ ತನ್ನ ಕಣ್ಣು ಕಾಯಲು ಬರಲಿಲ್ಲ.

ಪೀಠದ ಹಿಂದೆ, ಅವರ ತಂದೆತಾಯಿಯ ಪಟಗಳ ಬೆನ್ನಿಗೆ, ಹಳೆಯ ಹೊದಿಕೆಯಲ್ಲಿ ಸುತ್ತಿದ ಹಲಗೆ.

"ನೋಡ್ಬೇಡ," ಎಂದರು ಹಿಂದಿನಿಂದ. "ಕೈ ಮುಗೀತೀನಿ ಮಿಯೆನ್, ನೋಡ್ಬೇಡ. ಲುವಾ ಅದನ್ನ ಗೋಡೆಯಿಂದ ಇಳಿಸಿ ಸೇನ್ ಮನೆ ಅಂಗಳಕ್ಕೆ ತಂದ ದಿನ ನಾನಲ್ಲಿದ್ದೆ. ಆ ಕತ್ತಲೆ ಕೋಣೇಲಿ ಇಷ್ಟು ವರ್ಷ ಯಾರಿಗೂ ಕಂಡಿರ್ಲಿಲ್ಲ. ಬಿಸಿಲಿಗೆ ಇಟ್ಟಾಗ ಕಾಣಿಸ್ತು."

ಹೊದಿಕೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ.

ಬಾವಿಕಟ್ಟೆಯ ಮೇಲೆ ಬಿಳಿ ಉಡುಪಿನ ಸೇನ್, ಇಪ್ಪತ್ತೈದರ ಪ್ರಾಯ, ಮೊಟ್ಟೆ ಚಿಪ್ಪಿನ ಬಿಳುಪು ಹಾಗೇ ಇತ್ತು. ಬಾವಿಯ ಹಿಂದೆ, ನಾವೆಲ್ಲ ಬಾಳೆಗಿಡದ ಕತ್ತಲೆ ಎಂದುಕೊಂಡಿದ್ದ ಕಡೆ, ಮೂವತ್ತಮೂರು ವರ್ಷದಲ್ಲಿ ಮೆರುಗು ಜೇನಿನಂತೆ ತಿಳಿಯಾಗಿತ್ತು. ಆ ಜೇನಿನ ಒಳಗೆ ಬೆಳ್ಳಿ ರೇಕಿನಲ್ಲಿ ಬರೆದ ಇನ್ನೊಂದು ಹೆಣ್ಣು ನಿಂತಿದ್ದಳು. ತೋಳು ಮೊಣಕೈವರೆಗೆ ಮಡಚಿತ್ತು, ಅಂಗೈ ಮುಂದಕ್ಕೆ ಚಾಚಿತ್ತು. ಗದ್ದದ ಎಡಕ್ಕೆ ಒಂದು ಮಚ್ಚೆ.

ನನ್ನ ಗದ್ದಕ್ಕೆ ನನ್ನ ಬೆರಳು ತಾನಾಗಿ ಹೋಯಿತು.

ಆಗ ನನಗೆ ಇಪ್ಪತ್ತೆರಡು. ಲಾಮ್ ಮೇಷ್ಟ್ರ ಕೆಲಸದ ಮನೆಯಲ್ಲಿ ಉಜ್ಜುವವಳು. ಅವರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಒಂದು ಮಾತು ಆಡಿದವರಲ್ಲ, ಒಂದು ದಿನ ಕಣ್ಣೆತ್ತಿ ನೋಡಿದವರಲ್ಲ. ಕೊನೆಯ ಪದರ ಬಳಿದು, "ಇದನ್ನ ಚೆನ್ನಾಗಿ ಉಜ್ಜಮ್ಮ," ಎಂದು ಈ ಫಲಕವನ್ನು ನನಗೇ ಕೊಟ್ಟಿದ್ದರು. ಹದಿನೇಳು ದಿನ ಉಜ್ಜಿದ್ದೆ. ಒಳಗಿರುವುದು ನನ್ನದೇ ಮುಖ ಎಂದು ತಿಳಿಯದೆ ಅದನ್ನು ನಾನೇ ಹೊಳೆಯುವಂತೆ ಮಾಡಿದ್ದೆ.

"ನಾನು ನಿನ್ನ ಅನುಮಾನ ಪಡ್ಲಿಲ್ಲ," ಎಂದರು ಬಾಂಗ್. "ಒಂದು ಗಳಿಗೆನೂ ಇಲ್ಲ. ಆದ್ರೆ ಸೇನ್‌ಗೆ ಕಣ್ಣು ಬರ್ತಿತ್ತು. ನಲವತ್ತು ವರ್ಷ ಅಕ್ಕ ತಂಗಿ ಥರ ಇದ್ದೀರಿ. ಅವಳು ಅದನ್ನ ನೋಡಿ ನಿನ್ನ ಮನೆ ಬಾಗಿಲಿಗೆ ಬರೋದು ನಿಲ್ಲಿಸಿದ್ರೆ ನೀನು ತಡ್ಕೊಳ್ತಿದ್ಯಾ?"

ತಡೆದುಕೊಳ್ಳುತ್ತಿರಲಿಲ್ಲ. ಅದು ಅವರಿಗೂ ಗೊತ್ತು, ಲುವಾಳಿಗೂ ಗೊತ್ತು. ನನ್ನೊಬ್ಬಳಿಗಾಗಿ ಒಬ್ಬರು ಕೈ ಸುಟ್ಟುಕೊಂಡಿದ್ದರು, ಇನ್ನೊಬ್ಬಳು ಬದುಕನ್ನೇ ಕೊಡಲು ಹೊರಟಿದ್ದಳು. ಚಿತ್ರ ಕೊಟ್ಟರೆ ಅಕ್ಕ ಹೋಗುತ್ತಾಳೆ. ಕೊಡದಿದ್ದರೆ ಇವರಿಬ್ಬರಲ್ಲಿ ಒಬ್ಬರು ಹೋಗುತ್ತಾರೆ. ನಾನು ಅಳತೊಡಗಿದೆ, ಮರೆಮಾಚಲಿಲ್ಲ.

ಗೇಟು ಕಿರ್ರೆಂದಿತು.

"ಮಿಯೆನ್! ಇದೀಯೇನೇ?"

ಅಂಗಳದಲ್ಲಿ ಕೊಡೆ ಹಿಡಿದು ಸೇನ್ ಅಕ್ಕ. ಅವಳ ಮೊಣಕೈ ಹಿಡಿದು ಲುವಾ, ಅತ್ತು ಮುಖ ಬಾತಿತ್ತು.

"ಈ ಹುಡುಗಿ ಬಾಯೇ ಬಿಡ್ಲಿಲ್ಲ," ಎನ್ನುತ್ತ ಅಕ್ಕ ಒಳಗೆ ಬಂದಳು. "ಕೊನೆಗೆ, ಮಿಯೆನ್ ಮನೇಲಿದ್ಯಾ ಅಂತ ಕೇಳಿದ್ದಕ್ಕೆ ಗೊಳೋ ಅಂತ ಅತ್ತುಬಿಟ್ಲು. ಅಷ್ಟು ಸಾಕಾಯ್ತು ನನಗೆ."

ನಾನು ಫಲಕವನ್ನು ಎದೆಗೆ ಅವಚಿಕೊಂಡೆ, ಚಿತ್ರದ ಮುಖ ನನ್ನ ಕಡೆಗೆ. ಬಾಂಗ್ ಎದ್ದು ನನ್ನ ಮುಂದೆ ಅಡ್ಡ ನಿಂತರು, ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಕ್ಕ, ಇವತ್ತು ಬೇಡ," ಎಂದೆ. "ಕಣ್ಣು ಇನ್ನೂ ಹಸಿ ಇದೆ. ಇನ್ನೊಂದು ವಾರ ಹೋಗ್ಲಿ."

"ನೀನು ಆಣೆ ಇಟ್ಟಿದ್ದೆ."

"ಇಟ್ಟಿದ್ದೆ ಅಕ್ಕ. ಆದ್ರೆ..."

ಸೇನ್ ಅಕ್ಕ ಕಪ್ಪು ಕನ್ನಡಕ ತೆಗೆದಳು. ಐದು ವರ್ಷದ ಮೇಲೆ ಅವಳ ಕಣ್ಣು ನೇರ ನನ್ನ ಮುಖಕ್ಕೆ ಬಂದು ನಿಂತಿತು, ಅಲ್ಲಿಂದ ಮೆಲ್ಲಗೆ ಗದ್ದದ ಮಚ್ಚೆಗೆ ಇಳಿಯಿತು.

"ಕೊಡೇ ಇಲ್ಲಿ," ಎಂದಳು. "ಬಾವಿ ಹಿಂದೆ ಒಬ್ಬಳನ್ನ ನಿಲ್ಸಿದೀನಿ, ಮೆರುಗು ತಿಳಿಯಾದ್ಮೇಲೆ ನೋಡು ಅಂತ ನಮ್ಮನೆಯವ್ರು ಸಾಯೋವಾಗ ನನ್ನ ಕೈ ಹಿಡಿದು ಹೇಳಿದ್ರು. ಅವಳ ಮುಖ ನೋಡೋಕೆ ಅಂತಾನೇ ನಾನು ಈ ಕಣ್ಣು ಮಾಡಿಸ್ಕೊಂಡಿದ್ದು."